ಸಿಂಹ ಮೊದಲು, ಹೆಸರು ಕೊನೆಗೆ

ಹಳೇ ಬೆಳ್ಳಿ ಚಮಚ ಕೈಗೆ ಬಂದ ತಕ್ಷಣ ಹೊಸಬರು ಮಾಡಿದವರ ಹೆಸರು ಹುಡುಕುತ್ತಾರೆ. ನಾನೂ ಹಾಗೇ ಮಾಡಿ ದುಡ್ಡು ಕಳೆದುಕೊಂಡವನು. ಈಗ ಇಂಗ್ಲಿಷ್ ಚಮಚವಾದರೆ ಹೆಸರನ್ನು ಕೊನೆಗೇ ಓದುತ್ತೇನೆ.

ಬೆಳ್ಳಿ ಪರೀಕ್ಷಿಸುವ ಕಚೇರಿಯ ಮುದ್ರೆಗಳಲ್ಲಿ ಮೊದಲು ಸಿಂಹ. ಮುಂಗಾಲೆತ್ತಿ ನಡೆಯುವ ಸಿಂಹವಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಆಮೇಲೆ ಊರು: ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು, ಕಿರೀಟ ಹಳೆಯ ಶೆಫೀಲ್ಡಿನದು. ವರ್ಷಕ್ಕೊಂದು ಅಕ್ಷರ. 1784ರ ಡಿಸೆಂಬರಿನಿಂದ 1890ರವರೆಗೆ ಇವುಗಳ ಜೊತೆಗೆ ದೊರೆಯ ತಲೆಯೂ ಉಂಟು. ಅದು ತೆರಿಗೆ ಕಟ್ಟಿದ ರಸೀದಿ. ಮೊದಲ ಒಂದೂವರೆ ವರ್ಷ ಆ ತಲೆ ತಗ್ಗಾಗಿ ಒತ್ತಿದ್ದು, ಎಡಕ್ಕೆ ನೋಡುತ್ತದೆ. 1786ರಲ್ಲಿ ಉಬ್ಬಿ, ಬಲಕ್ಕೆ ತಿರುಗಿತು.

ನನ್ನ ಮೇಜಿನ ಮೇಲಿರುವ ಊಟದ ಚಮಚದಲ್ಲಿ ದೊರೆ ಇಲ್ಲ. ಮುದ್ರೆಗಳು ಹಿಡಿಯ ತುದಿಯಲ್ಲಿಲ್ಲ, ಬಟ್ಟಲಿಗೆ ಹತ್ತಿರ, ಹಿಡಿ ತೆಳ್ಳಗಾಗುವ ಕಡೆ ಇವೆ. ಅಷ್ಟು ಸಪೂರ ಜಾಗಕ್ಕೆ ಅಚ್ಚು ಹೊಡೆದರೆ ಹಿಡಿ ಸೊಟ್ಟಗಾಗುತ್ತಿತ್ತು. ಅಕ್ಕಸಾಲಿಗ ಮತ್ತೆ ಬಡಿದು ನೆಟ್ಟಗೆ ಮಾಡುವಷ್ಟರಲ್ಲಿ ಸಿಂಹ ನಾಯಿಯಂತೆ ಉದ್ದವಾಗಿರುತ್ತಿತ್ತು. ನನ್ನ ಸಿಂಹವಂತೂ ಮುಂಗುಸಿಯೇ ಆಗಿದೆ. 1780ರ ಆಸುಪಾಸಿನಲ್ಲಿ ಮುದ್ರೆಗಳು ತುದಿಗೆ ಸರಿದವು. ಹಾಗಾಗಿ ವರ್ಷದ ಅಕ್ಷರ ಸವೆದಿದ್ದರೂ ಚಮಚದ ವಯಸ್ಸು ಮುಚ್ಚಿಡಲಾಗದು.

ಕೊನೆಗೆ ಹೆಸರು: ಕೂಡುಬರಹದ ಎಚ್.ಬಿ. ಹೆಸ್ಟರ್ ಬೇಟ್‌ಮನ್. ಗಂಡ ತೀರಿಕೊಂಡ ಮೇಲೆ 1761ರಲ್ಲಿ ಲಂಡನ್ನಿನಲ್ಲಿ ತನ್ನ ಮುದ್ರೆ ದಾಖಲಿಸಿ, 1790ರವರೆಗೆ ಕಾರ್ಖಾನೆ ನಡೆಸಿದ ವಿಧವೆ. ಆಕೆಯ ಹೆಸರು ಕಂಡರೆ ಬೆಲೆ ಏರುತ್ತದೆ, ನನ್ನ ಮಟ್ಟಿಗೆ ಅತಿಯಾಗಿಯೇ. ಆ ಮುದ್ರೆ ಹೇಳುವುದು ಮಾಲಿಗೆ ಹೊಣೆ ಯಾರೆಂದು. ಸುತ್ತಿಗೆ ಹಿಡಿದ ಕೈ ಯಾರದೆಂದಲ್ಲ. ಬೇರೆಯವರ ಮುದ್ರೆಯ ಮೇಲೆ ಆಕೆಯ ಮುದ್ರೆ ಹೊಡೆದ ಸಾಮಾನುಗಳೂ ಸಿಕ್ಕಿವೆ. ಅದೇ ಎರಡಕ್ಷರದ ಇನ್ನೊಬ್ಬರೂ ಇರಬಹುದಾದ್ದರಿಂದ ಅಕ್ಷರದ ಬಳುಕು, ನಡುವಿನ ಚುಕ್ಕಿ, ಸುತ್ತಲ ಚೌಕಟ್ಟಿನ ಆಕಾರ ಎಲ್ಲ ಒಂದೊಂದಾಗಿ ತಾಳೆಯಾಗಬೇಕು.

ಆ ಕಾಲದ ಪುಟಾಣಿ ಟೀ ಚಮಚಗಳದ್ದು ಬೇರೆ ಕಥೆ. ಎಷ್ಟೋ ಚಮಚಗಳಲ್ಲಿ ಸಿಂಹ ಮತ್ತು ಹೆಸರು ಬಿಟ್ಟರೆ ಏನೂ ಇರುವುದಿಲ್ಲ. ಅಲ್ಲಿ ಹೆಸರೇ ಗತಿ.

ನಾನು ಮೋಸ ಹೋಗಿದ್ದು ಇ.ಪಿ.ಎನ್.ಎಸ್. ಎಂಬ ನಾಲ್ಕು ಅಕ್ಷರಗಳಲ್ಲಿ. ಒಂದೊಂದೂ ಪುಟ್ಟ ಗುರಾಣಿಯೊಳಗೆ ಕೂತು ದೂರಕ್ಕೆ ಅಸಲಿ ಮುದ್ರೆಗಳಂತೆಯೇ ಕಾಣುತ್ತವೆ. ಒಳಗಿರುವುದು ತಾಮ್ರ, ನಿಕಲ್, ಸತುವಿನ ಬೆರಕೆ. ಬೆಳ್ಳಿ ಬರೀ ಲೇಪ. ಸಿಂಹ ಇಲ್ಲವೆಂಬುದನ್ನು ನಾನು ನೋಡಲೇ ಇಲ್ಲ.

ಮದರಾಸಿನ ಪಿ. ಆರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿಯಂಥವರ ಚಮಚಗಳಲ್ಲಿ ಇಂಗ್ಲೆಂಡಿನ ಸಿಂಹವನ್ನು ಹುಡುಕಬೇಡಿ. ಆಗ ಇಲ್ಲಿ ಅಂಥ ಪರೀಕ್ಷಾ ಕಚೇರಿ ಇರಲಿಲ್ಲ, ಅಂಗಡಿಯ ಹೆಸರೇ ಜಾಮೀನು.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂಥದ್ದು ಸಿಕ್ಕರೆ ದಯವಿಟ್ಟು ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕಬೇಡಿ, ಮುದ್ರೆ ಸವೆಯುತ್ತದೆ. ಬಾಯಿಂದ ಹಬೆ ಊದಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.