ಹೆಸರು ಬರೆಯುವ ಪುಸ್ತಕ: ಕರಾವಳಿಯ ಲಿಂಗತ್ವ ಅಲ್ಪಸಂಖ್ಯಾತರ ಚಳವಳಿಯ ಆಕರಗಳನ್ನು ಕುರಿತು

ಕರ್ನಾಟಕದ ಲೈಂಗಿಕ ಅಲ್ಪಸಂಖ್ಯಾತರ ಚಳವಳಿಯ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಒಂದೇ ಕ್ರಮವನ್ನು ಅನುಸರಿಸುತ್ತಾರೆ. ೧೯೯೪ರಲ್ಲಿ ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯು’ ಎಂಬ ಬಳಗವು ಕೂಡಿತು. ೧೯೯೭ರಲ್ಲಿ ಅಲ್ಲಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಈ ವಿಷಯವಾಗಿ ವಿಚಾರಸಂಕಿರಣವು ನಡೆಯಿತು. ೧೯೯೯ರಲ್ಲಿ ‘ಸಂಗಮ’ ಸಂಸ್ಥೆಯು ಹುಟ್ಟಿತು. ೨೦೦೧ ಮತ್ತು ೨೦೦೩ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯ ಕರ್ನಾಟಕ ಶಾಖೆಯು ಎರಡು ವರದಿಗಳನ್ನು ಹೊರತಂದಿತು. ೨೦೦೮ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಮೊದಲ ಸ್ವಾಭಿಮಾನದ ಮೆರವಣಿಗೆ ನಡೆಯಿತು.

ಈ ಕಾಲಾನುಕ್ರಮವು ಸತ್ಯವಾದುದೇ. ಆದರೆ ಇದು ರಾಜಧಾನಿಯ ಚರಿತ್ರೆಯೇ ಹೊರತು ರಾಜ್ಯದ ಚರಿತ್ರೆಯಲ್ಲ. ೨೦೦೩ರ ವರದಿಯನ್ನೇ ತೆಗೆದುಕೊಳ್ಳೋಣ. ಹಿಂಸೆಗೆ ಗುರಿಯಾದವರ ಮಾತನ್ನು ಸಾಕ್ಷ್ಯವೆಂದು ಮನ್ನಿಸಿ ದಾಖಲಿಸಿದ ಕಾರಣ ಅದಕ್ಕೆ ದೊಡ್ಡ ಬೆಲೆಯಿದೆ. ಅಧ್ಯಯನವು ಬೆಂಗಳೂರಿನ ಕೋತಿ ಮತ್ತು ಹಿಜಡಾ ಲೈಂಗಿಕ ಕಾರ್ಯಕರ್ತರನ್ನು ಕುರಿತದ್ದೆಂದು ಅದರ ಶೀರ್ಷಿಕೆಯೇ ಸಾರುತ್ತದೆ. ಗ್ರಂಥವು ತನ್ನ ಮೇರೆಯನ್ನು ಪ್ರಾಮಾಣಿಕವಾಗಿ ಹೇಳಿಕೊಂಡಿದ್ದರೂ, ಅದನ್ನು ಉದ್ಧರಿಸುವವರು ಆ ಮೇರೆಯನ್ನು ಮರೆತು ಇಡೀ ನಾಡಿಗೆ ಅನ್ವಯಿಸುವುದುಂಟು. ಇಂತಹ ಬರಹಗಳಲ್ಲಿ ಮಂಗಳೂರು ತಡವಾಗಿ, ರಾಜಧಾನಿಯ ಪ್ರತಿಧ್ವನಿಯಾಗಿ ಮಾತ್ರ ಕೇಳಿಬರುತ್ತದೆ.

ಈ ಕೊರತೆಯನ್ನು ತುಂಬಲು ಕೆಲವರು ಸಂಸ್ಕೃತಿಯ ಮೊರೆಹೋಗುತ್ತಾರೆ. ಯಕ್ಷಗಾನದ ಸ್ತ್ರೀವೇಷವನ್ನು ತೋರಿಸಿ, ಕರಾವಳಿಯ ಸಮಾಜವು ಹಿಂದಿನಿಂದಲೂ ಉದಾರವಾಗಿತ್ತೆಂದು ಸಾಧಿಸುತ್ತಾರೆ. ಈ ವಾದವು ನಿಲ್ಲಲಾರದು. ಸ್ತ್ರೀವೇಷವು ಒಂದು ಕಲಾವೃತ್ತಿ. ಬೆಳಗಾದ ಮೇಲೆ ವೇಷ ಕಳಚುವ ಕಲಾವಿದನಿಗೆ ಸಂದ ಮನ್ನಣೆಯು, ಕಳಚಲು ವೇಷವೇ ಇಲ್ಲದವರಿಗೂ ಸಂದಿತೆಂಬುದಕ್ಕೆ ಅದರಿಂದ ಪ್ರಮಾಣ ದೊರೆಯುವುದಿಲ್ಲ. ಸವದತ್ತಿಯ ಎಲ್ಲಮ್ಮನ ಜೋಗಪ್ಪಂದಿರ ಉದಾಹರಣೆಯೂ ಹೀಗೆಯೇ. ಆ ಸಂಪ್ರದಾಯದಿಂದ ಬಂದ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ೨೦೨೧ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಆದರೆ ಆ ಸಂಪ್ರದಾಯದ ನೆಲೆ ಉತ್ತರ ಕರ್ನಾಟಕ. ಅದನ್ನು ಘಟ್ಟದ ಕೆಳಗಿನ ಚರಿತ್ರೆಗೆ ಆಧಾರವಾಗಿಸುವುದು ಸರಿಯಲ್ಲ.

ಹಾಗಾದರೆ ಮಂಗಳೂರಿನ ಸಂಶೋಧಕನು ಎಲ್ಲಿಂದ ಹೊರಡಬೇಕು? ನಮ್ಮ ಅಭಿಪ್ರಾಯದಲ್ಲಿ, ಈ ಜನರ ಹೆಸರುಗಳನ್ನು ಬರೆದುಕೊಂಡ, ಇಲ್ಲವೆ ಬರೆಯಲು ಹವಣಿಸಿದ ರಿಜಿಸ್ಟರುಗಳಿಂದ ಹೊರಡಬೇಕು. ಬರೆದವರು ಯಾರು? ಯಾವ ಉದ್ದೇಶಕ್ಕೆ? ಬರೆಸಿಕೊಂಡವರಿಗೆ ಅದರ ಮೇಲೆ ಎಷ್ಟು ಅಧಿಕಾರವಿತ್ತು? ಈ ಮೂರು ಪ್ರಶ್ನೆಗಳ ಉತ್ತರವು ಕಾಲಕಾಲಕ್ಕೆ ಬದಲಾದ ಬಗೆಯೇ ಚಳವಳಿಯ ಒಳಚರಿತ್ರೆ.

೧೮೬೦ರ ಭಾರತ ದಂಡಸಂಹಿತೆಯ ೩೭೭ನೆಯ ವಿಧಿಯು ಒಂದು ಕೃತ್ಯವನ್ನು ಅಪರಾಧವೆಂದಿತು. ಜನರ ಪಟ್ಟಿಯನ್ನು ಕೇಳಲಿಲ್ಲ. ಪಟ್ಟಿಯನ್ನು ಕೇಳಿದ್ದು ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗ. ನಪುಂಸಕರೆಂದು ತಾನು ಕರೆದವರ ಹೆಸರು, ವಾಸಸ್ಥಳಗಳನ್ನು ಸರಕಾರವು ಬರೆದಿಡಬೇಕೆಂದು ಅದು ವಿಧಿಸಿತು. ಆದರೆ ಆ ಕಾಯಿದೆಯು ಜಾರಿಯಾದುದು ಉತ್ತರ ಹಿಂದೂಸ್ಥಾನದಲ್ಲಿ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡವು ಆ ಭಾಗದ ವ್ಯಾಪ್ತಿಗೆ ಬರಲಿಲ್ಲ. ನಿಜಾಮರ ಹೈದರಾಬಾದು ಸಂಸ್ಥಾನವು ಫಸಲಿ ೧೩೨೯ರಲ್ಲಿ, ಎಂದರೆ ೧೯೧೯ರ ಸುಮಾರಿನಲ್ಲಿ, ಇಂತಹುದೇ ಕಾಯಿದೆಯನ್ನು ಮಾಡಿತು. ಆ ಸಂಸ್ಥಾನದ ಕನ್ನಡ ಜಿಲ್ಲೆಗಳೂ ದಕ್ಷಿಣ ಕನ್ನಡವೂ ೧೯೫೬ರಲ್ಲಿ ಒಂದೇ ರಾಜ್ಯದೊಳಗೆ ಸೇರಿದವು.

ಇಲ್ಲಿ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ಪರಕೀಯರ ಆಳ್ವಿಕೆಯಲ್ಲಿ ಮಂಗಳೂರಿಗೆ ಬಾರದಿದ್ದ ಈ ರಿಜಿಸ್ಟರು, ಸ್ವತಂತ್ರ ಭಾರತದ ಚುನಾಯಿತ ಶಾಸನಸಭೆಯ ಕೈಯಿಂದ ಬಂದಿತು. ೨೦೧೧ರಲ್ಲಿ ಕರ್ನಾಟಕ ಪೊಲೀಸು ಕಾಯಿದೆಗೆ ೩೬ಎ ಎಂಬ ವಿಧಿಯನ್ನು ಸೇರಿಸಲಾಯಿತು. ಬಾಲಕರ ಅಪಹರಣ, ಅಂಗಚ್ಛೇದ, ಅನೈಸರ್ಗಿಕ ಅಪರಾಧ ಮೊದಲಾದವುಗಳ ಶಂಕೆಗೆ ಒಳಗಾದ ‘ನಪುಂಸಕರ’ ಹೆಸರು ಮತ್ತು ವಾಸಸ್ಥಳಗಳನ್ನು ದಾಖಲಿಸುವ, ಅವರ ಚಟುವಟಿಕೆಗಳನ್ನು ನಿಷೇಧಿಸುವ ಅಧಿಕಾರವು ಪೊಲೀಸು ಕಮಿಷನರಿಗೆ ದೊರೆಯಿತು. ಮಂಗಳೂರಿನಲ್ಲಿ ಕಮಿಷನರರ ಕಚೇರಿ ಸ್ಥಾಪನೆಯಾದುದು ೨೦೧೦ರಲ್ಲಿ. ಆದುದರಿಂದ ಈ ವಿಧಿಯು ನಮ್ಮ ನಗರಕ್ಕೆ ದೂರದ ಸುದ್ದಿಯಾಗಿರಲಿಲ್ಲ.

ಅದೇ ೨೦೧೧ರಲ್ಲಿ ರಾಷ್ಟ್ರದ ಜನಗಣತಿಯು ಗಂಡು, ಹೆಣ್ಣುಗಳ ಜೊತೆಗೆ ‘ಇತರೆ’ ಎಂಬ ಕಲಮನ್ನು ತೆರೆಯಿತು. ಕರ್ನಾಟಕದಲ್ಲಿ ೨೦,೨೬೬ ಮಂದಿ ಅದರಲ್ಲಿ ಎಣಿಕೆಗೆ ಬಂದರು. ಒಂದು ಕೈ ನಾಗರಿಕರೆಂದು ಎಣಿಸುತ್ತಿದ್ದಾಗಲೇ ಇನ್ನೊಂದು ಕೈ ಶಂಕಿತರೆಂದು ಬರೆದುಕೊಳ್ಳುವ ಅಧಿಕಾರವನ್ನು ಪಡೆಯಿತು.

ಮೂರನೆಯ ಬಗೆಯ ಪುಸ್ತಕವು ಆರೋಗ್ಯ ಇಲಾಖೆಯದು. ಎಚ್‌ಐವಿ ತಡೆಯ ರಾಷ್ಟ್ರೀಯ ಕಾರ್ಯಕ್ರಮವೂ, ೨೦೦೩ರಿಂದ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ನಡೆದ ‘ಆವಾಹನ್’ ಯೋಜನೆಯೂ ಜಿಲ್ಲೆಗಳಿಗೆ ಹಣವನ್ನೂ ಕಾರ್ಯಕರ್ತರನ್ನೂ ಒದಗಿಸಿದವು. ‘ಸಮುದಾಯ ಸಂಘಟನೆ’ ಎಂಬ ಮಾತು ಜಿಲ್ಲೆಗಳಲ್ಲಿ ಬಳಕೆಗೆ ಬಂದುದಕ್ಕೆ ಈ ಯೋಜನೆಗಳು ಮುಖ್ಯ ಕಾರಣ. ಚಿಕಿತ್ಸೆಗೆಂದು ಸೇರಿದವರು ಹಕ್ಕಿನ ಮಾತನ್ನು ಅಲ್ಲಿಯೇ ಕಲಿತರೆಂಬುದನ್ನು ಒಪ್ಪಲೇಬೇಕು. ಆದರೂ ಈ ಪುಸ್ತಕದ ದೃಷ್ಟಿ ರೋಗದ ದೃಷ್ಟಿ. ಸೋಂಕಿನ ಅಪಾಯಕ್ಕೆ ಒಳಪಟ್ಟವರು ಮಾತ್ರ ಅದರಲ್ಲಿ ಕಾಣುತ್ತಾರೆ. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ, ಹೆಣ್ಣೆಂದು ಹೆಸರಿಡಲ್ಪಟ್ಟು ಗಂಡಾಗಿ ಬಾಳುವವನಿಗೆ ಅಲ್ಲಿ ಸಾಲೇ ಇರಲಿಲ್ಲ. ಯೋಜನೆಗಳ ಕಡತಗಳನ್ನೇ ನಂಬಿ ಚರಿತ್ರೆ ಬರೆದರೆ ಇವರು ಇರಲೇ ಇಲ್ಲವೆಂಬ ನಿರ್ಣಯಕ್ಕೆ ಬರಬೇಕಾಗುತ್ತದೆ; ಅದು ಘೋರವಾದ ಪ್ರಮಾದ.

ಪೊಲೀಸರ ರಿಜಿಸ್ಟರನ್ನು ಕರ್ನಾಟಕ ಸೆಕ್ಷುಯಲ್ ಮೈನಾರಿಟೀಸ್ ಫೋರಂ ಎಂಬ ಸಂಘಟನೆಯು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ೨೦೧೪ರ ಏಪ್ರಿಲ್ ೧೫ರಂದು ಸುಪ್ರೀಂ ಕೋರ್ಟು, ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ತೀರ್ಪಿತ್ತಿದ್ದುದು ಈ ಹೋರಾಟಕ್ಕೆ ಬಲವಾಯಿತು. ೨೦೧೬ರಲ್ಲಿ ಸರಕಾರವು ೩೬ಎ ವಿಧಿಯೊಳಗಿನ ‘ನಪುಂಸಕರು’ ಎಂಬುದನ್ನು ತೆಗೆದು ‘ವ್ಯಕ್ತಿಗಳು’ ಎಂದು ತಿದ್ದಿತು. ೨೦೧೭ರಲ್ಲಿ ಅರ್ಜಿಯು ಮುಕ್ತಾಯವಾಯಿತು. ಇದನ್ನು ಜಯವೆಂದು ವರ್ಣಿಸುವವರು ಒಂದನ್ನು ಮರೆಯುತ್ತಾರೆ: ತಿದ್ದುಪಡಿಯು ಪದವನ್ನು ಬದಲಾಯಿಸಿತೇ ಹೊರತು ಬರೆದುಕೊಳ್ಳುವ ಅಧಿಕಾರವನ್ನು ಕಿತ್ತುಹಾಕಲಿಲ್ಲ. ಹೈದರಾಬಾದಿನ ಹಳೆಯ ಕಾಯಿದೆಯನ್ನು ತೆಲಂಗಾಣದ ಉಚ್ಚ ನ್ಯಾಯಾಲಯವು ೨೦೨೩ರಲ್ಲಿ ಸಂವಿಧಾನಬಾಹಿರವೆಂದು ರದ್ದುಪಡಿಸಿದುದರೊಡನೆ ಇದನ್ನು ಹೋಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ.

ಇದರ ಅನಂತರ ಚಳವಳಿಯ ದಿಕ್ಕು ತಿರುಗಿತು. ‘ಮೈತ್ರಿ’ ಮಾಸಾಶನ, ೨೦೧೯ರ ಕೇಂದ್ರ ಕಾಯಿದೆಯು ಜಿಲ್ಲಾಧಿಕಾರಿಯ ಮೂಲಕ ಕೊಡಿಸಿದ ಗುರುತಿನ ಪತ್ರ, ೨೦೨೧ರಲ್ಲಿ ರಾಜ್ಯದ ನೇಮಕಾತಿಯಲ್ಲಿ ಬಂದ ಶೇಕಡಾ ಒಂದರ ಮೀಸಲಾತಿ — ಇವೆಲ್ಲವೂ ಹೆಸರು ಬರೆಸಿಕೊಂಡವರಿಗೆ ಮಾತ್ರ ಸಲ್ಲುವಂಥವು. ಮಂಗಳೂರಿನ ‘ನವಸಹಜ’, ‘ಪರಿವರ್ತನ್’ ಮೊದಲಾದ ಸಂಘಟನೆಗಳನ್ನು ಈ ತಿರುವಿನಲ್ಲಿಟ್ಟು ನೋಡಬೇಕು. ಹೆಸರನ್ನು ಅಳಿಸಿರಿ ಎಂದು ಕೇಳುವುದು ಚಳವಳಿಯ ಒಂದು ಮುಖವಾದರೆ, ನಾವು ಹೇಳುವ ಹೆಸರನ್ನೇ ಬರೆದುಕೊಳ್ಳಿರಿ ಎಂದು ಕಚೇರಿಯ ಮೆಟ್ಟಿಲೇರುವುದು ಇನ್ನೊಂದು ಮುಖ. ಎರಡನೆಯದರಲ್ಲಿ ಘೋಷಣೆಗಳು ಕಡಮೆ, ಅರ್ಜಿಗಳು ಹೆಚ್ಚು. ಆದುದರಿಂದಲೇ ರಾಜಧಾನಿಯ ಚರಿತ್ರಕಾರರ ಕಣ್ಣಿಗೆ ಅದು ಬೀಳುವುದಿಲ್ಲ. ೨೦೧೮ರ ಸೆಪ್ಟೆಂಬರ್ ೬ರಂದು ಸುಪ್ರೀಂ ಕೋರ್ಟು, ಸಮ್ಮತಿಯುಳ್ಳ ವಯಸ್ಕರ ಮಟ್ಟಿಗೆ ೩೭೭ನೆಯ ವಿಧಿಯ ಬಲವನ್ನು ತೆಗೆಯಿತು. ಆದರೆ ೨೦೨೩ರ ಅಕ್ಟೋಬರ್ ೧೭ರಂದು ಅದೇ ನ್ಯಾಯಾಲಯವು ಸಲಿಂಗ ವಿವಾಹಕ್ಕೆ ಮನ್ನಣೆ ನೀಡಲು ನಿರಾಕರಿಸಿದಾಗ ಮುಚ್ಚಿಕೊಂಡುದು ಒಂದು ರಿಜಿಸ್ಟರೇ ಅಲ್ಲವೆ?

ಸರಕಾರದ ಪುಸ್ತಕಗಳಿಗೆ ಪ್ರತಿಯಾಗಿ ನಿಲ್ಲಬಲ್ಲ ಆಕರವೆಂದರೆ ಆತ್ಮಕಥನ. ಎ. ರೇವತಿಯವರ ಕೃತಿಯು ದು. ಸರಸ್ವತಿಯವರ ಅನುವಾದದಿಂದ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದು, ಹೆಗ್ಗೋಡಿನ ಜನಮನದಾಟ ತಂಡದ ಮೂಲಕ ರಂಗವನ್ನೂ ಏರಿತು. ಅಲ್ಲಿ ಬರೆಯುವವರೂ ಬರೆಸಿಕೊಳ್ಳುವವರೂ ಒಬ್ಬರೇ. ಕರಾವಳಿಯ ಬದುಕಿನ ಬಗೆಗೂ ಕನ್ನಡ ತುಳುಗಳಲ್ಲಿ ಇಂತಹ ಕಥನಗಳು ಮೂಡಬೇಕಾಗಿದೆ.

ನಮ್ಮ ವಿದ್ಯಾರ್ಥಿಗಳು ಸಂಘಟನೆಗಳ ಸಭಾ ನಡವಳಿ, ಆಮಂತ್ರಣ, ಮನವಿಪತ್ರಗಳನ್ನು ಸಂಗ್ರಹಿಸುವುದು ಅಗತ್ಯ. ಆದರೆ ಒಂದು ಎಚ್ಚರಿಕೆ ಬೇಕು. ಸಂಶೋಧಕನ ಟಿಪ್ಪಣಿಪುಸ್ತಕವೂ ಹೆಸರುಗಳ ಪಟ್ಟಿಯೇ. ಸಮ್ಮತಿಯಿಲ್ಲದೆ ಅದರಲ್ಲಿ ಸೇರಿದ ಒಂದು ಹೆಸರು ಒಬ್ಬರ ಬಾಡಿಗೆ ಮನೆಯನ್ನೋ ಕೆಲಸವನ್ನೋ ಕಳೆಯಬಲ್ಲುದು. ಯಾರು, ಏಕೆ, ಯಾರ ಒಪ್ಪಿಗೆಯಿಂದ ಎಂಬ ಪ್ರಶ್ನೆಗಳನ್ನು ಪೊಲೀಸರ ಪುಸ್ತಕಕ್ಕೆ ಕೇಳುವ ಮುನ್ನ ನಮ್ಮ ಪುಸ್ತಕಕ್ಕೆ ಕೇಳತಕ್ಕದ್ದು.