ಕಿವಿಯೇ ಮೀಟರ್

ಎಲ್ಲೂರು, ಕಾಪು, ಕಾರ್ಕಳದ ಸುತ್ತಿನ ಗ್ಯಾರೇಜುಗಳಲ್ಲಿ ಕಾರ್ಬುರೇಟರ್ ಕಾಲದ ಮೆಕ್ಯಾನಿಕ್ಕುಗಳು ಇನ್ನೂ ಇದ್ದಾರೆ. ಹಳೆಯ ಮಾರುತಿ 800 ನಿಂತಲ್ಲೇ ಭೋರಿಟ್ಟರೆ ಅವರು ಬಾನೆಟ್ ಎತ್ತಿ ಮೊದಲು ಕಿವಿಗೊಡುತ್ತಾರೆ.

ಚೋಕ್ ಎಳೆದ ತಣ್ಣಗಿನ ಎಂಜಿನ್ ಜೋರಾಗಿ ಓಡುವುದು ಸಹಜ. ಹಾಗಾಗಿ ಬಿಸಿಯಾಗುವ ತನಕ ಕಾಯುತ್ತಾರೆ. ಆಮೇಲೂ ಸದ್ದು ಇಳಿಯದಿದ್ದರೆ ಹುಡುಕಾಟ ಶುರು. ಚೋಕ್ ಪೂರ್ತಿ ಹಿಂದಕ್ಕೆ ಬಂದಿದೆಯೇ? ಆಕ್ಸಿಲರೇಟರ್ ಕೇಬಲ್ ಸಲೀಸಾಗಿ ಜಾರುತ್ತಿದೆಯೇ? ಕರಾವಳಿಯ ಉಪ್ಪುಗಾಳಿ, ಮಳೆಗೆ ತುಕ್ಕು ಹಿಡಿದ ಕೇಬಲ್ ಥ್ರಾಟಲನ್ನು ಕೂದಲೆಳೆಯಷ್ಟು ತೆರೆದೇ ಹಿಡಿದಿರಬಹುದು.

ನಿಜವಾದ ಜಾಣ್ಮೆ ಕಾಣುವುದು ಗಾಳಿ ಸೋರಿಕೆ ಹಿಡಿಯುವಾಗ. ಒಣಗಿ ಬಿರಿದ ರಬ್ಬರ್ ಪೈಪಿನಿಂದಲೋ ಕಾರ್ಬುರೇಟರಿನ ಕೆಳಗಿನ ಗ್ಯಾಸ್ಕೆಟಿನಿಂದಲೋ ಒಳನುಗ್ಗುವ ಗಾಳಿಯ ಸಣ್ಣ ‘ಸುಯ್’ ಸದ್ದು ಎಂಜಿನ್ನಿನ ಗದ್ದಲದಲ್ಲೂ ಅವರಿಗೆ ಕೇಳಿಸುತ್ತದೆ. ಪೈಪುಗಳನ್ನು ಒಂದೊಂದಾಗಿ ಹಿಸುಕುತ್ತಾರೆ. ಓಟದ ಲಯ ಬದಲಾದ ಕಡೆ ಬೆರಳು ನಿಲ್ಲುತ್ತದೆ.

ಐಡ್ಲಿಂಗ್ ಸ್ಕ್ರೂಗೆ ಕೈ ಹಾಕುವುದು ಕೊನೆಗೆ. 796 ಸಿಸಿಯ ಮೂರು ಸಿಲಿಂಡರುಗಳು ನಿಮಿಷಕ್ಕೆ ಸಾವಿರ ಸುತ್ತಿಗೂ ಕಡಿಮೆ ವೇಗದಲ್ಲಿ ಸಮನಾಗಿ ಓಡುವವರೆಗೆ ಅದನ್ನು ಚೂರು ಚೂರೇ ತಿರುಗಿಸುತ್ತಾರೆ.

1983ರಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಹಳೆ ಕಾರು ಇಟ್ಟುಕೊಂಡವರು ಇಂಥ ಮೆಕ್ಯಾನಿಕ್ಕನ್ನು ಈಗಲೇ ಗುರುತು ಮಾಡಿಕೊಳ್ಳುವುದು ಒಳ್ಳೆಯದು.