ಕೇಳಿ ಬರೆಸಿಕೊಂಡ ಕಥೆ
2003ರಲ್ಲಿ ಶುರುವಾದ ಯೂಲ್‌ಟೈಡ್‌ನಂಥ ಫ್ಯಾನ್ ಫಿಕ್ಷನ್ ವಿನಿಮಯಗಳಲ್ಲಿ ಸ್ಯಾನ್ ಮಟಿಯೋದ ನಾವು ಕೆಲವರು ವರ್ಷಗಳಿಂದ ಬರೆಯುತ್ತಿದ್ದೇವೆ. ಅಪರಿಚಿತ ಓದುಗರೊಬ್ಬರು ತಮಗೆ ಇಷ್ಟವಾದ ಪಾತ್ರಗಳನ್ನು ಹೆಸರಿಸುತ್ತಾರೆ. ಆ ಪಾತ್ರಗಳ ಹೊಸ ಕಥೆ ಬರೆದು ಅವರಿಗೆ ಉಡುಗೊರೆ ಕೊಡಬೇಕು. ನಮಗೂ ಯಾರೋ ಬರೆದುಕೊಡುತ್ತಾರೆ.

ಕೇಳಿ ಬರೆಸಿಕೊಂಡದ್ದೂ ಸಾಹಿತ್ಯವೇ ಎಂದು ಮೂಗು ಮುರಿಯುವವರಿಗೆ ನಮ್ಮ ಉತ್ತರ, ಪಂಪ. 10ನೆಯ ಶತಮಾನದ ‘ವಿಕ್ರಮಾರ್ಜುನ ವಿಜಯ’ವೂ ವ್ಯಾಸರ ಪಾತ್ರಗಳನ್ನು ಹಿಡಿದು ಅರಿಕೇಸರಿಗಾಗಿ ಬರೆದದ್ದೇ, ಪ್ರತಿಯಾಗಿ ಕವಿಗೆ ಅಗ್ರಹಾರ ಸಿಕ್ಕಿತು. ದೊರೆಯೇ ಅರ್ಜುನನಾದ್ದರಿಂದ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಅಲ್ಲಿ ಐವರ ನಂಟಿನ ಬಿಗಿ ಸಡಿಲವಾಯಿತು. ಆದರೆ ಎದುರು ಪಕ್ಷದ ಕರ್ಣನಿಗೆ ಪಂಪ ಧಾರೆಯೆರೆದ ಪ್ರೀತಿ? ಕಾವ್ಯ ಗೆದ್ದದ್ದು ಅಲ್ಲೇ.

ಉಡುಗೊರೆಯ ಕಥೆಗೆ ನಮ್ಮ ಅಳತೆಗೋಲು ಇಷ್ಟೆ: ಕೇಳಿದ ಅರ್ಜುನನನ್ನು ಕೊಡಬೇಕು, ಕೇಳದ ಕರ್ಣನನ್ನೂ.